ಯಾರ ಸಲುವಾಗಿ ಈ ನೋವು?

ಒಂಬತ್ತು ತಿಂಗಳು ತುಂಬಿದ ಗಂಡುಮಗುವಿನ ಬಲತೋಳಿಗೆ ಹಾಕುವ ದಡಾರ-ರುಬೆಲ್ಲಾ ಚುಚ್ಚುಮದ್ದಿನಲ್ಲಿ ಅರ್ಧ ಪಾಲು ಹೆಚ್ಚುಕಡಿಮೆ ಬೇರೆಯವರಿಗೆ ಸೇರಿದ್ದು. ದಡಾರ ಆ ಮಗುವನ್ನೇ ಕೊಲ್ಲಬಲ್ಲ ರೋಗ, ಅದರ ಮಾತು ಬೇರೆ. ರುಬೆಲ್ಲಾ ಹಾಗಲ್ಲ. ಚಿಕ್ಕ ಹುಡುಗನಿಗೆ ಬಂದರೆ ಎರಡು ಮೂರು ದಿನ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಕೆಂಪು ದದ್ದು, ಕಿವಿಯ ಹಿಂದೆ ಗಂಟು. ಬಹುಪಾಲು ಅಷ್ಟಕ್ಕೇ ಮುಗಿಯುತ್ತದೆ. ಅದೇ ಹುಡುಗನಿಂದ ಅದು ಪಕ್ಕದ ಮನೆಯ ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಅಂಟಿತೋ, ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಕಂಡುಕೊಂಡರು. ಹುಟ್ಟುತ್ತಲೇ ಕಣ್ಣಿಗೆ ಪೊರೆ ಬಂದ ಕೂಸುಗಳು ಒಂದರ ಹಿಂದೊಂದು ತಮ್ಮ ಬಳಿ ಬರುತ್ತಿದ್ದದ್ದು ಏಕೆಂದು ಕೇಳುತ್ತ ಹೋದಾಗ, ಆ ತಾಯಂದಿರಲ್ಲಿ ಬಹಳಷ್ಟು ಮಂದಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತೆಂಬುದು ಗೊತ್ತಾಯಿತು.

ಹಾಗಾದರೆ ಈ ಹುಡುಗ ಅಳುತ್ತಿರುವುದು ಇನ್ನೂ ಹುಟ್ಟದ, ತಾನು ಎಂದೂ ನೋಡದಿರಬಹುದಾದ ಒಂದು ಕೂಸಿನ ಕಣ್ಣಿಗಾಗಿ. ಅವನನ್ನು ಯಾರೂ ಕೇಳಿಲ್ಲ, ಕೇಳುವ ಹಾಗೂ ಇಲ್ಲ. ಮಾತು ಬಾರದ ಜೀವಕ್ಕೆ ಅದರ ಒಳಿತಿಗೆಂದು ನೋವು ಕೊಡಬಹುದೇ ಎಂಬುದು ಹಳೆಯ ಪ್ರಶ್ನೆ. ಇನ್ನೊಬ್ಬರ ಒಳಿತಿಗೆಂದು ಕೊಡಬಹುದೇ ಎಂಬುದು ಅದಕ್ಕಿಂತ ಬಿಗಿಯಾದದ್ದು. ಪ್ರತಿ ವಾರ ಲಕ್ಷಗಟ್ಟಲೆ ತಾಯಂದಿರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಈ ಎರಡನೆಯ ಪ್ರಶ್ನೆಗೆ, ಅದನ್ನು ಬಾಯಿಬಿಟ್ಟು ಕೇಳದೆಯೇ, ಹೌದು ಎನ್ನುತ್ತಿದ್ದಾರೆ.

ಕರ್ನಾಟಕದಲ್ಲಿ ಗುರುವಾರ ಚುಚ್ಚುಮದ್ದಿನ ದಿನ. ಹಳ್ಳಿಯ ಅಂಗನವಾಡಿಯಲ್ಲಿ ಬೆಳಿಗ್ಗೆಯೇ ಬೆಂಚು ಹಾಕಿರುತ್ತಾರೆ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಕರೆದು ಬಂದಿರುತ್ತಾಳೆ. ನೀಲಿ ಡಬ್ಬಿಯಲ್ಲಿ ಐಸ್‌ಪ್ಯಾಕುಗಳ ನಡುವೆ ಲಸಿಕೆಯ ಪುಟ್ಟ ಸೀಸೆಗಳು. ಪ್ರತಿ ಸೀಸೆಯ ಮೇಲೂ ನೇರಳೆ ವೃತ್ತ, ಅದರೊಳಗೆ ಒಂದು ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದ ಬಣ್ಣಕ್ಕೆ ಬಂದರೆ ಆ ಸೀಸೆಯನ್ನು ಬಳಸುವಂತಿಲ್ಲ. ಮೊದಲು ತೂಕ, ಆಮೇಲೆ ತಾಯಿ ಕಾರ್ಡಿನಲ್ಲಿ ಒಂದು ಚುಕ್ಕೆ. ಆರು ವಾರದ ಕೂಸಿಗೆ ಬಾಯಿಗೆ ಪೋಲಿಯೊ ಹನಿ, ರೋಟಾ ಹನಿ. ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲತೋಳಿನ ಚರ್ಮದೊಳಗೆ ಪೋಲಿಯೊದ ಇನ್ನೊಂದು ಸೂಜಿ.

“ಒಂದೇ ಸಲಕ್ಕೆ ಮೂರು ಸೂಜಿ ಯಾಕೆ ನರ್ಸಮ್ಮ? ಕೂಸು ತಡ್ಕೊಳ್ಳತ್ತಾ?” ಎಂದು ಅಜ್ಜಿ ಕೇಳುತ್ತಾಳೆ. “ಮೂರೂ ಬೇರೆ ಬೇರೆ ಕಾಯ್ಲೆಗೆ ಅಜ್ಜಿ. ತಡ್ಕೊಳ್ಳತ್ತೆ. ಕಾಲು ಗಟ್ಟಿ ಹಿಡ್ಕೊಳ್ಳಮ್ಮ ನೀನು” ಎಂದು ನರ್ಸು ತಾಯಿಗೆ ಹೇಳುತ್ತಾಳೆ. ಸೂಜಿ ಒಳಗೆ ಹೋದ ಕೂಡಲೇ ಕೂಸು ಅಳುವುದಿಲ್ಲ. ಒಂದು ಕ್ಷಣ ಬಾಯಿ ತೆರೆದು ಉಸಿರು ಕಟ್ಟುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣು ತಾಯಿಯ ಮುಖದ ಮೇಲೆ ನೆಟ್ಟಿರುತ್ತದೆ. ಆಮೇಲೆ ಅಳು. ಎದೆಗವಚಿಕೊಂಡು ಹಾಲು ಕೊಡುವ ಕೈಯೇ ಕಾಲನ್ನು ಅದುಮಿ ಹಿಡಿದಿದೆ. ನೋವಿನಿಂದ ಓಡಿಹೋಗಲು ಕೂಸಿಗೆ ಗೊತ್ತಿರುವ ಜಾಗವೂ ಆ ಮಡಿಲೇ.

ಈ ಸನ್ನಿವೇಶಕ್ಕೆ ತೀರ ಹತ್ತಿರದ ಚಿತ್ರವೊಂದು ಪಾಲಿ ಸುತ್ತಗಳಲ್ಲಿದೆ. ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತದಲ್ಲಿ ರಾಜಕುಮಾರ ಅಭಯ ಬುದ್ಧನನ್ನು ಮಾತಿನಲ್ಲಿ ಸಿಕ್ಕಿಸಲೆಂದು ಬರುತ್ತಾನೆ: ಇನ್ನೊಬ್ಬರಿಗೆ ಹಿತವೆನಿಸದ ಮಾತನ್ನು ತಥಾಗತ ಆಡುತ್ತಾನೆಯೇ? ಆಗ ರಾಜಕುಮಾರನ ತೊಡೆಯ ಮೇಲೆ ಒಂದು ಹಸುಗೂಸು ಮಲಗಿತ್ತು. ಈ ಮಗು ಕಡ್ಡಿಯನ್ನೋ ಕಲ್ಲಿನ ಚೂರನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧ ಕೇಳುತ್ತಾನೆ. ತೆಗೆಯುತ್ತೇನೆ, ಸುಲಭವಾಗಿ ಬಾರದಿದ್ದರೆ ತಲೆಯನ್ನು ಹಿಡಿದು, ಬೆರಳು ಬಾಗಿಸಿ, ರಕ್ತ ಬಂದರೂ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆಯಿದೆಯಲ್ಲ ಎನ್ನುತ್ತಾನೆ ಅಭಯ. ಬುದ್ಧನಿಗೆ ಬೇಕಾಗಿದ್ದ ಉತ್ತರ ಅಷ್ಟೇ.

ಜೈನರಲ್ಲಿ ಇದೇ ಪ್ರಶ್ನೆ ಇನ್ನೂ ತೀಕ್ಷ್ಣ, ಏಕೆಂದರೆ ಅಲ್ಲಿ ಇರುವೆಗೂ ನೋವಾಗಬಾರದು. ಗಂಗ ದೊರೆ ದುರ್ವಿನೀತನ ಗುರುವೆಂದು ಪರಂಪರೆ ಹೇಳುವ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ ಎಂಬ ಟೀಕೆಯಲ್ಲಿ ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾರೆ. ದುಃಖ ಕೊಡುವುದೇ ಪಾಪವಾದರೆ ಮುನಿಗಳ ಉಪವಾಸ, ಕೂದಲನ್ನು ಕಿತ್ತುಕೊಳ್ಳುವ ಕೇಶಲೋಚನ ಎಲ್ಲವೂ ಪಾಪವಾಗಬೇಕಲ್ಲ? ಅದಕ್ಕೆ ಅವರು ಕೊಡುವ ದೃಷ್ಟಾಂತ ವೈದ್ಯನದು. ಕರುಣೆ ತುಂಬಿದ ವೈದ್ಯ ಮುನಿಯ ಮೈಮೇಲಿನ ಹುಣ್ಣನ್ನು ಕೊಯ್ದರೆ ನೋವಾಗುವುದು ನಿಜ. ಆದರೆ ಹೊರಗಿನ ಆ ಕಾರಣ ಮಾತ್ರದಿಂದ ಅವನಿಗೆ ಪಾಪ ಅಂಟುವುದಿಲ್ಲ. ನೋವು ನಿಜವೆಂಬುದನ್ನು ಅವರು ಮುಚ್ಚಿಡುವುದಿಲ್ಲ, ಅದನ್ನು ಗಮನಿಸಬೇಕು. ಒಳ್ಳೆಯ ಮನಸ್ಸಿನಿಂದ ಕೊಟ್ಟರೆ ನೋವೇ ಅಲ್ಲ ಎಂಬ ಸುಲಭದ ದಾರಿ ಹಿಡಿದವರಲ್ಲ ಅವರು.

ಇಷ್ಟರಿಂದ ತಾಯಿಯ ಕೈಗೆ ಸಮಾಧಾನ ಸಿಗಬಹುದು, ಆದರೆ ಪ್ರಶ್ನೆ ತೀರುವುದಿಲ್ಲ. ಅಭಯನ ಮಗುವಿನ ಬಾಯಲ್ಲಿ ಕಲ್ಲು ಆಗಲೇ ಸಿಕ್ಕಿಕೊಂಡಿದೆ, ಮುನಿಯ ಮೈಮೇಲೆ ಹುಣ್ಣು ಆಗಲೇ ಎದ್ದಿದೆ. ಅಂಗನವಾಡಿಯ ಬೆಂಚಿನ ಮೇಲಿರುವುದು ಆಡಿಕೊಂಡಿರುವ, ಏನೂ ಆಗಿರದ ಕೂಸು.

ಈ ವ್ಯತ್ಯಾಸ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನನ್ನು ಕಾಡಿತ್ತು. 1797ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ, ಆಗ ರೂಢಿಯಲ್ಲಿದ್ದ ಸಿಡುಬಿನ ದಾಕಿನ ಬಗ್ಗೆ ಆತ ಕೇಳುತ್ತಾನೆ: ಜೀವ ಉಳಿಸಿಕೊಳ್ಳಲೆಂದೇ ಆದರೂ, ಮನುಷ್ಯ ತನ್ನ ಜೀವವನ್ನು ಅನಿಶ್ಚಿತತೆಗೆ ಒಡ್ಡಬಹುದೇ? ಹಡಗು ಹತ್ತಿದವನೂ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ, ಆದರೆ ಬಿರುಗಾಳಿಯನ್ನು ಅವನು ಎಬ್ಬಿಸಿದ್ದಲ್ಲ. ದಾಕು ಹಾಕಿಸಿಕೊಳ್ಳುವವನು ರೋಗವನ್ನು ತಾನೇ ಬರಮಾಡಿಕೊಳ್ಳುತ್ತಾನೆ. ಪ್ರಶ್ನೆಯನ್ನು ಕೇಳಿದ ಕಾಂಟ್ ಉತ್ತರ ಕೊಡದೆ ಮುಂದೆ ಹೋದ. ಆ ಕಾಲದ ದಾಕಿನಲ್ಲಿ ನಿಜವಾದ ಸಿಡುಬಿನ ಕೀವನ್ನೇ ಚರ್ಮಕ್ಕೆ ಹಚ್ಚುತ್ತಿದ್ದರು, ಕೆಲವರು ಅದರಿಂದಲೇ ಸಾಯುತ್ತಿದ್ದರು ಎಂಬುದನ್ನು ನೆನೆದರೆ ಅವನ ಹಿಂಜರಿಕೆ ಅರ್ಥವಾಗುತ್ತದೆ.

ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಮಾತೂ ದಾಖಲೆಯಲ್ಲಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನ ಮಗ ಫ್ರಾನ್ಸಿಸ್ 1736ರಲ್ಲಿ, ನಾಲ್ಕು ವರ್ಷದವನಾಗಿದ್ದಾಗ, ಸಿಡುಬಿನಿಂದ ತೀರಿಕೊಂಡ. ಅವನಿಗೆ ದಾಕು ಹಾಕಿಸಿರಲಿಲ್ಲ. ದಶಕಗಳ ನಂತರ ಆತ್ಮಕಥೆಯಲ್ಲಿ ಫ್ರಾಂಕ್ಲಿನ್ ಬರೆದದ್ದು ಬೇರೆ ತಂದೆತಾಯಿಗಳಿಗಾಗಿ. ದಾಕು ಹಾಕಿಸಿ ಮಗು ಸತ್ತರೆ ತಮ್ಮನ್ನು ತಾವೇ ಕ್ಷಮಿಸಿಕೊಳ್ಳಲಾರೆವು ಎಂದು ಹೆದರಿ ಬಿಡುವವರೇ, ಹಾಕಿಸದೆ ಕಳೆದುಕೊಂಡರೂ ಪಶ್ಚಾತ್ತಾಪ ಅಷ್ಟೇ ಇರುತ್ತದೆ ಎಂಬುದು ಅವನ ಮಾತಿನ ಸಾರ. ಮಾಡಿದ್ದಕ್ಕೆ ಹೊಣೆಯುಂಟು, ಮಾಡದೆ ಬಿಟ್ಟದ್ದಕ್ಕೆ ಇಲ್ಲ ಎಂಬ ನಂಬಿಕೆ ಎಲ್ಲ ಊರಿನಲ್ಲೂ ಇದೆ. ಕೈಯಾರೆ ಮಾಡಿದ್ದರ ಪಾಪ ನಮ್ಮದು, ತಾನಾಗಿ ಬಂದದ್ದು ದೈವದ್ದು ಎಂದುಕೊಂಡರೆ ಮನಸ್ಸು ಹಗುರ. ಆದರೆ ತಡೆಯುವ ದಾರಿ ಕೈಗೆಟುಕಿದ ಮೇಲೆ ಸುಮ್ಮನಿರುವುದೂ ಒಂದು ಕ್ರಿಯೆಯೇ.

ಗಾಂಧೀಜಿಯ ಬದುಕಿನಲ್ಲಿ ಇದು ಎಷ್ಟು ಕಠೋರವಾಗಿ ಬಂತು ಎಂಬುದನ್ನು ನಿಂತು ನೋಡಬೇಕು. ಹಸುವಿನ ಮೈಯಿಂದ ತೆಗೆದ ರಸ ಎಂಬ ಕಾರಣಕ್ಕೂ, ರೋಗ ನೈರ್ಮಲ್ಯದಿಂದ ಹೋಗಬೇಕೇ ಹೊರತು ಚುಚ್ಚುವುದರಿಂದಲ್ಲ ಎಂಬ ನಂಬಿಕೆಯಿಂದಲೂ ಅವರು ದಾಕನ್ನು ಬಲವಾಗಿ ವಿರೋಧಿಸುತ್ತಿದ್ದರು. ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲೂ ಹಾಗೆಯೇ ಹೇಳಿದರು. 1930ರಲ್ಲಿ, ದಂಡಿಗೆ ಹೊರಡುವ ಮೊದಲು, ಸಾಬರಮತಿ ಆಶ್ರಮದಲ್ಲಿ ಸಿಡುಬು ಕಾಣಿಸಿಕೊಂಡು ಮಕ್ಕಳು ತೀರಿಕೊಂಡರು. ತಂದೆತಾಯಿಗಳು ತಮ್ಮ ಮಾತು ಕೇಳಿ ದಾಕು ಹಾಕಿಸಿರಲಿಲ್ಲ ಎಂಬುದು ಗಾಂಧೀಜಿಗೆ ಗೊತ್ತಿತ್ತು. ಆ ಸಾವುಗಳ ಹೊಣೆ ತಮ್ಮ ಹೆಗಲ ಮೇಲಿದೆ, ಇದು ತಮ್ಮ ಅಜ್ಞಾನ, ಹಟಗಳ ಫಲವೋ ಏನೋ ಎಂಬ ಸಂಕಟ ಅವರನ್ನು ತಿಂದಿತು. ಅಹಿಂಸೆಗೆ ಅಷ್ಟು ಬೆಲೆ ಕೊಟ್ಟ ಇನ್ನೊಬ್ಬರು ಆ ಶತಮಾನದಲ್ಲಿ ಸಿಗುವುದು ಕಷ್ಟ. ಅಂಥವರಿಗೂ ಚುಚ್ಚದಿರುವುದರಲ್ಲಿ ಹಿಂಸೆ ಅಡಗಿರಬಹುದೆಂಬುದು ಮಕ್ಕಳ ಸಾವಿನ ಮುಂದೆ ನಿಂತಾಗಲೇ ಎದುರಾದದ್ದು.

ದೇವರ ಕಡೆಯಿಂದ ಬರುವ ಆಕ್ಷೇಪಗಳು ಇದರಷ್ಟು ಆಳವಾದವಲ್ಲ. 1722ರಲ್ಲಿ ಲಂಡನ್ನಿನ ಪಾದ್ರಿ ಎಡ್ಮಂಡ್ ಮ್ಯಾಸಿ, ರೋಗ ದೇವರು ಕೊಟ್ಟ ಪರೀಕ್ಷೆ, ಅದರಲ್ಲಿ ಮನುಷ್ಯ ಕೈಹಾಕಬಾರದು ಎಂದು ಪ್ರವಚನ ಮಾಡಿದ. ನಮ್ಮಲ್ಲಿ ಸಿಡುಬೆಂದರೆ ಅಮ್ಮನೇ ಮನೆಗೆ ಬಂದಂತಿತ್ತು. ಬೇವಿನ ಸೊಪ್ಪು, ಮೊಸರನ್ನ, ತಂಬಿಟ್ಟು ಇಟ್ಟು ತಂಪು ಮಾಡಿ ಕಳಿಸಬೇಕಿತ್ತು. ಹಾಗೆಂದು ದೇವಿಯ ಭಕ್ತಿ ದಾಕಿಗೆ ಅಡ್ಡ ಬರಲೇಬೇಕೆಂದಿರಲಿಲ್ಲ. ಸಿಡುಬಿನ ಲಸಿಕೆ ಕೊಟ್ಟ ಜೆನ್ನರ್ ಹುಟ್ಟುವ ಮೊದಲಿನಿಂದಲೂ ಬಂಗಾಳದಲ್ಲಿ ಟೀಕಾದಾರರು ಊರೂರಿಗೆ ಹೋಗಿ, ದೇವಿಗೆ ಪೂಜೆ ಮಾಡಿಯೇ ಸಿಡುಬಿನ ಕೀವನ್ನು ಮಕ್ಕಳ ತೋಳಿಗೆ ಹಚ್ಚುತ್ತಿದ್ದುದನ್ನು 1767ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಹಾಲ್ವೆಲ್ ವರ್ಣಿಸಿದ್ದಾನೆ. ಲಸಿಕೆಯಲ್ಲಿ ಹಂದಿಯ ಜೆಲಾಟಿನ್ ಇದ್ದರೆ ಏನು ಗತಿ ಎಂಬುದನ್ನು ಮುಸ್ಲಿಂ ವಿದ್ವಾಂಸರು 1995ರಲ್ಲಿ ಕುವೈತ್‌ನಲ್ಲಿ ಚರ್ಚಿಸಿ, ಮೂಲ ವಸ್ತು ಪೂರ್ತಿ ರೂಪಾಂತರವಾದ ಮೇಲೆ ಅದು ನಿಷಿದ್ಧವಲ್ಲ ಎಂಬ ನಿಲುವಿಗೆ ಬಂದರು. ರುಬೆಲ್ಲಾ ಲಸಿಕೆಯ ವೈರಾಣುವನ್ನು ಬೆಳೆಸುವುದು 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣದಿಂದ ಬಂದ ಜೀವಕೋಶಗಳಲ್ಲಿ. ಕ್ಯಾಥೋಲಿಕರಿಗೆ ಇದು ನಿಜಕ್ಕೂ ಕಷ್ಟದ ಸಂಗತಿ. ಬೇರೆ ಲಸಿಕೆಗಾಗಿ ಒತ್ತಾಯಿಸುತ್ತಿರಿ, ಆದರೆ ಅದು ಸಿಗುವವರೆಗೆ ಮಕ್ಕಳಿಗೂ ಬಸುರಿಯರಿಗೂ ಅಪಾಯವಿದ್ದಲ್ಲಿ ಇದನ್ನು ಬಳಸಬಹುದು ಎಂದು ವ್ಯಾಟಿಕನ್ನಿನ ಜೀವನ ಅಕಾಡೆಮಿ 2005ರಲ್ಲಿ ಹೇಳಿತು. ಬಹಳ ಕಡೆ ಧರ್ಮಜ್ಞರು ಕೊನೆಗೆ ನಿಂತದ್ದು ಮಗುವಿನ ಪಕ್ಕದಲ್ಲಿ.

ಉಳಿದದ್ದು ಮೊದಲಿನ ಕಷ್ಟ: ಒಂದು ಮಗುವಿನ ಮೈಯನ್ನು ಇನ್ನೊಬ್ಬರಿಗಾಗಿ ಬಳಸಿಕೊಳ್ಳುವುದು. ಇದರ ಕರಾಳ ರೂಪ ಲಸಿಕೆಯ ಚರಿತ್ರೆಯಲ್ಲೇ ಇದೆ. ಐಸ್ ಡಬ್ಬಿ ಇಲ್ಲದ ಕಾಲದಲ್ಲಿ ಲಸಿಕೆಯನ್ನು ಜೀವಂತ ಇಡುತ್ತಿದ್ದದ್ದು ಮಕ್ಕಳ ತೋಳು. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ದಾಟಿಸಬೇಕಿತ್ತು. 1803ರಲ್ಲಿ ಸ್ಪೇನಿನಿಂದ ಅಮೆರಿಕಕ್ಕೆ ಹೊರಟ ವೈದ್ಯ ಬಾಲ್ಮಿಸ್‌ನ ಹಡಗಿನಲ್ಲಿ 22 ಅನಾಥ ಹುಡುಗರಿದ್ದರು. ಕೆಲವು ದಿನಗಳಿಗೊಮ್ಮೆ ಇಬ್ಬಿಬ್ಬರಿಗೆ ದಾಟಿಸುತ್ತ, ಸಾಗರ ದಾಟುವವರೆಗೆ ಸರಪಳಿ ಕಡಿಯದಂತೆ ನೋಡಿಕೊಂಡರು. ಕ್ಯೂಬಾದಲ್ಲಿ ಮಕ್ಕಳು ಸಾಲದೆ ಹೋದಾಗ ಗುಲಾಮ ಹೆಣ್ಣುಮಕ್ಕಳನ್ನು ಕೊಂಡರು. ಆ ಯಾತ್ರೆಯಿಂದ ಎಷ್ಟೋ ಜೀವ ಉಳಿಯಿತು. ಆದರೂ ಆ ಹುಡುಗರನ್ನು ನೆನೆದರೆ ಎದೆ ಭಾರವಾಗುತ್ತದೆ. ಅವರನ್ನು ಆರಿಸಿದ್ದು ಅವರಿಗಾಗಿ ಅಳುವವರು ಯಾರೂ ಇಲ್ಲ ಎಂಬ ಕಾರಣಕ್ಕೆ.

ಭಾರತದಲ್ಲಿ ಲಸಿಕೆ ನೆಲೆಯೂರಿದ್ದೂ ಮಗುವಿನ ತೋಳಿನಲ್ಲೇ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಮೊದಲ ಲಸಿಕೆ ಹಿಡಿಯಿತು. ಅವಳಿಂದ ಬೇರೆ ಮಕ್ಕಳಿಗೆ, ಅವರಿಂದ ಬೇರೆ ಊರುಗಳಿಗೆ ಹೋಯಿತು. ಮೈಸೂರಿಗೆ ಬರುವ ಹೊತ್ತಿಗೆ ಚಿತ್ರ ತಿರುಗಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದದ್ದೆನ್ನಲಾದ ಒಂದು ವರ್ಣಚಿತ್ರದಲ್ಲಿ ಮೂವರು ರಾಜಮನೆತನದ ಹೆಂಗಸರಿದ್ದಾರೆ. ಬಲಗಡೆ ನಿಂತ ಎಳೆಯ ಹುಡುಗಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಸೆರಗನ್ನು ಸರಿಸಿ ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ತೋಳನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡದ್ದನ್ನು ನೋಡಿ ಜನ ಮುಂದೆ ಬಂದರೆಂದು ಆ ಕಾಲದ ದಾಖಲೆ ಹೇಳುತ್ತದೆ. ಆ ಪುಟ್ಟ ರಾಣಿಯನ್ನೂ ಯಾರಾದರೂ ಕೇಳಿದ್ದರೋ ಇಲ್ಲವೋ. ಆದರೂ ಅರಮನೆಯ ತೋಳಿಗೂ ಅನಾಥಾಲಯದ ತೋಳಿಗೂ ನೈತಿಕವಾಗಿ ಬಹಳ ಅಂತರವಿದೆ. ಭಾರ ಎಲ್ಲರ ಮೇಲೂ ಬೀಳುತ್ತದೆಯೋ, ಬಡವರ ಮಕ್ಕಳ ಮೇಲೆ ಮಾತ್ರವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಭಾರ ಎಲ್ಲರದೂ ಆದರೆ ಮಗುವಿನ ಮೇಲೂ ಯಾಕೆ? ಇದಕ್ಕೆ ಉತ್ತರದ ಒಂದು ಎಳೆ ವೇದದ ಹಳೆಯ ಕಲ್ಪನೆಯಲ್ಲಿದೆ. ಬ್ರಾಹ್ಮಣ ಋಣ ಹೊತ್ತೇ ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಮೂರು ಋಣಗಳನ್ನು ಹೇಳುತ್ತದೆ. ಶತಪಥ ಬ್ರಾಹ್ಮಣವೆಂಬ ಗ್ರಂಥ ಹುಟ್ಟುವ ಎಲ್ಲರಿಗೂ ಋಣವಿದೆಯೆಂದು ಹೇಳಿ, ದೇವ, ಋಷಿ, ಪಿತೃಗಳ ಜೊತೆಗೆ ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಸೇರಿಸುತ್ತದೆ. ಇದು ಕೇವಲ ಪುರಾಣದ ಮಾತಾಗಿ ಕಾಣಬಹುದು. ಆದರೆ ಆ ಒಂಬತ್ತು ತಿಂಗಳ ಹುಡುಗನ ರಕ್ತವನ್ನೇ ನೋಡಿ. ಅವನು ಹುಟ್ಟುವ ಮೊದಲು ಅವನ ತಾಯಿ ಧನುರ್ವಾಯು ತಡೆಯುವ ಟಿಡಿ ಲಸಿಕೆ ಚುಚ್ಚಿಸಿಕೊಂಡಿದ್ದಳು; ಅವಳ ಮೈಯಲ್ಲಿ ಹುಟ್ಟಿದ ರಕ್ಷೆ ಮಾಸದ ಮೂಲಕ ದಾಟಿ, ಹೊಕ್ಕುಳು ಕೊಯ್ದ ಗಾಯದಿಂದ ಧನುರ್ವಾಯು ಬರದಂತೆ ಅವನನ್ನು ಕಾಯಿತು. ಅವನ ಪಾಲಿನ ಮೊದಲ ಸೂಜಿಯನ್ನು ತಾಯಿ ತಿಂದಿದ್ದಳು. ದಡಾರದ ರಕ್ಷೆಯೂ ಅವಳಿಂದಲೇ ಬಂದಿತ್ತು. ದಡಾರದ ಲಸಿಕೆಗೆ ಒಂಬತ್ತು ತಿಂಗಳು ಕಾಯುವುದೂ ಇದಕ್ಕೇ: ತಾಯಿಯಿಂದ ಬಂದ ಪ್ರತಿಕಾಯಗಳು ಕರಗುವ ಮೊದಲು ಹಾಕಿದರೆ ಅವೇ ಲಸಿಕೆಯನ್ನು ಕೆಡಿಸಿಬಿಡುತ್ತವೆ. ಆ ರಕ್ಷೆ ತೆಳುವಾಗುತ್ತ ಬಂದ ತಿಂಗಳುಗಳಲ್ಲಿ ಅವನನ್ನು ಉಳಿಸಿದ್ದು ಊರಿನ ಬೇರೆ ಮಕ್ಕಳು. ದಡಾರ ಬಂದ ಒಬ್ಬರಿಂದ, ರಕ್ಷೆಯಿಲ್ಲದ 12ರಿಂದ 18 ಮಂದಿಗೆ ಅದು ಹರಡುತ್ತದೆ. ನೂರರಲ್ಲಿ 95 ಮಂದಿಗೆ ರಕ್ಷೆ ಇದ್ದರೆ ಮಾತ್ರ ಹರಡಲು ದಾರಿ ಸಿಗದೆ ನಿಲ್ಲುತ್ತದೆ. ಪಕ್ಕದ ಬೀದಿಯ ಹುಡುಗಿ ಹಿಂದಿನ ವರ್ಷ ಅಂಗನವಾಡಿಯಲ್ಲಿ ಅತ್ತದ್ದರಲ್ಲಿ ಇವನ ಪಾಲೂ ಇತ್ತು.

ಹೀಗೆ ನೋಡಿದರೆ ಅವನು ಇಂದು ಕೊಡುತ್ತಿರುವುದು ಪಡೆದದ್ದರ ಒಂದು ಅಂಶ. ಯಾರ ಸಂಬಂಧವೂ ಇಲ್ಲದ ಒಂಟಿ ಜೀವ ಒಂದಿದೆ, ಅದರ ಒಪ್ಪಿಗೆಯಿಂದಲೇ ಎಲ್ಲ ಶುರುವಾಗಬೇಕು ಎಂಬ ಚಿಂತನೆಗೆ ಹಸುಗೂಸು ಸಿಕ್ಕುವುದಿಲ್ಲ. ಕೂಸು ಉಸಿರಾಡುತ್ತಿರುವುದೇ ಇತರರು ಕೊಟ್ಟದ್ದರಿಂದ.

ಆದರೆ ಋಣದ ಮಾತಾಡುವಾಗ ಈ ನಾಡಿನಲ್ಲಿ ಎಚ್ಚರ ಬೇಕು. ಅಪ್ಪನ ಸಾಲಕ್ಕೆ ಮಗನನ್ನು ತಲೆಮಾರುಗಟ್ಟಲೆ ಜೀತಕ್ಕಿಟ್ಟದ್ದೂ ಋಣದ ಹೆಸರಿನಲ್ಲೇ. ಮಗು ಸಮಾಜಕ್ಕೆ ಋಣಿ ಎನ್ನುವವರು, ಸಮಾಜ ಆ ಮಗುವಿಗೆ ಎಷ್ಟು ಋಣಿ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಪೋಲಿಯೊ ಹನಿಯನ್ನೇ ತೆಗೆದುಕೊಳ್ಳಿ. 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. ಕಾಡು ವೈರಾಣುವಿನ ಕೊನೆಯ ಪ್ರಕರಣ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರಂದು. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂತು. ಈ ಗೆಲುವು ಬಾಯಿಗೆ ಹಾಕುವ ಎರಡು ಹನಿಯದು. ಆದರೆ ಆ ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಸುಮಾರು 27 ಲಕ್ಷ ಮೊದಲ ಡೋಸುಗಳಿಗೆ ಒಂದರಂತೆ ಅದೇ ಪಾರ್ಶ್ವವಾಯು ತರಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಭಾರತದಂಥ ದೇಶದಲ್ಲಿ 27 ಲಕ್ಷ ದೊಡ್ಡ ಸಂಖ್ಯೆಯಲ್ಲ. ಎಲ್ಲೋ ಒಂದು ಮಗು ಎಲ್ಲರ ಪರವಾಗಿ ಕಾಲು ಕೊಟ್ಟಿದೆ.

ಆ ಮಗುವಿನ ಮುಂದೆ ಲಾಭನಷ್ಟದ ಲೆಕ್ಕ ಬಿಚ್ಚಿಡುವುದು ಸಲ್ಲದು. ಕೂಡಿ ಕಳೆದರೆ ಲಾಭವೇ ಹೆಚ್ಚು, ಅದರಲ್ಲಿ ಸಂಶಯವಿಲ್ಲ. ಆದರೆ ಕಾಲು ಹೋದದ್ದು ಲೆಕ್ಕದ ಪುಸ್ತಕದ್ದಲ್ಲ, ಒಂದು ಮನೆಯ ಕೂಸಿನದು. ಅಪಾಯವನ್ನು ಇನ್ನಷ್ಟು ಇಳಿಸುವುದು ಸಮಾಜ ಮಾಡಬಹುದಾದ ಮೊದಲ ಕೆಲಸ. 2015ರ ಕೊನೆಯಲ್ಲಿ ನಿರ್ಜೀವ ವೈರಾಣುವಿನ ಪೋಲಿಯೊ ಚುಚ್ಚುಮದ್ದನ್ನು ಸೇರಿಸಿದ್ದು, 2016ರ ಏಪ್ರಿಲ್‌ನಲ್ಲಿ ಹನಿಯಿಂದ ಎರಡನೆಯ ಬಗೆಯ ವೈರಾಣುವನ್ನು ಕೈಬಿಟ್ಟದ್ದು ಆ ದಾರಿಯ ಹೆಜ್ಜೆಗಳು. ಆರು ವಾರದ ಕೂಸಿನ ಬಲತೋಳಿಗೆ ಬಂದ ಸಣ್ಣ ಸೂಜಿ ಅದೇ. ಲಸಿಕೆಯಿಂದ ಕೆಡುಕಾದ ಮಗುವಿನ ಚಿಕಿತ್ಸೆ, ಓದು, ಬದುಕು ಎಲ್ಲರ ಹೊಣೆಯಾಗಬೇಕು; ಅದು ದಾನವಾಗಬಾರದು, ಅದು ಆ ಮಗುವಿಗೆ ಸಲ್ಲಬೇಕಾದದ್ದು. ಇನ್ನು ನಿಜ ಹೇಳುವುದು. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸಾಪ್‌ನಲ್ಲಿ ವದಂತಿ ಹಬ್ಬಿ, ಹಲವು ಪೋಷಕರು ಹಿಂಜರಿದರು. ಅವರನ್ನು ಮೂಢರೆಂದು ಬೈದು ಪ್ರಯೋಜನವಿಲ್ಲ. ಹೆದರಿದ ತಾಯಿ ಕೇಳುತ್ತಿರುವುದು ಕಾಂಟ್ ಕೇಳಿದ್ದನ್ನೇ. ಯಾವ ಲಸಿಕೆ, ಯಾವ ರೋಗಕ್ಕೆ, ಏನಾಗಬಹುದು, ಆದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು ಎಂದು ನರ್ಸು ಹೇಳಬೇಕೆಂಬುದು ನಿಯಮದಲ್ಲೇ ಇದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳಬೇಕೆಂಬುದೂ ಇದೆ. ಸಾಲು ಉದ್ದವಿದ್ದ ದಿನ ಮೊದಲು ಬಿಟ್ಟುಹೋಗುವುದು ಈ ಮಾತುಗಳೇ.

16ರಿಂದ 24 ತಿಂಗಳ ನಡುವೆ ಎರಡನೆಯ ದಡಾರ-ರುಬೆಲ್ಲಾ ಡೋಸಿಗೆ ಬರುವಾಗ ಮಗು ನಡೆದುಕೊಂಡೇ ಬರುತ್ತದೆ. ನೀಲಿ ಡಬ್ಬಿ ಕಂಡರೆ ತಲೆ ಅಲ್ಲಾಡಿಸುತ್ತದೆ, ಬೇಡ ಎನ್ನಲು ಕಲಿತಿರುತ್ತದೆ. ಆ ಬೇಡವನ್ನು ಮೀರಿ ಹಿಡಿದುಕೊಳ್ಳಬೇಕಾದ ತಾಯಿಗೆ ಆರು ವಾರದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಷ್ಟ. ಐದಾರು ವರ್ಷಕ್ಕೆ ಡಿಪಿಟಿ, 10ಕ್ಕೆ ಮತ್ತು 16ಕ್ಕೆ ಟಿಡಿ. ಹತ್ತು ವರ್ಷದವನಿಗೆ ಕಾರಣ ಹೇಳಬಹುದು, ಹದಿನಾರರವನ ಜೊತೆ ವಾದವನ್ನೇ ಮಾಡಬಹುದು. ಶಾಲೆಗೆ ಚುಚ್ಚುಮದ್ದಿನವರು ಬರುವ ಹಿಂದಿನ ದಿನ ವಿಜ್ಞಾನದ ಮೇಷ್ಟ್ರು ಒಂದು ಪಿರಿಯಡ್ ಬಿಡಿಸಿಕೊಂಡು, ಪಾಠ ಬದಿಗಿಟ್ಟು, ಇದು ಯಾರ ಸಲುವಾಗಿ, ಯಾರೆಲ್ಲ ನಿಮಗಾಗಿ ಇದನ್ನು ಆಗಲೇ ಹಾಕಿಸಿಕೊಂಡಿದ್ದಾರೆ ಎಂದು ಹೇಳಿ, ಮಕ್ಕಳ ಪ್ರಶ್ನೆಗಳಿಗೆ ಕಿವಿಗೊಡಲು ಸರ್ಕಾರದ ಯಾವ ಆದೇಶವೂ ಬೇಕಾಗಿಲ್ಲ.